ಪ್ಯಾಕೆಟ್ ಮೇಲಿನ ‘ನ್ಯಾಚುರಲ್’ ಮಾತು ಸುಳ್ಳಾದರೆ: ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ದೂರು ಹತ್ತಿರ ನಮ್ಮ ಮನೆ. ತೋಟದಲ್ಲಿ ಆರು ಜೇನುಪೆಟ್ಟಿಗೆ ಇವೆ. ಒಂದು ಸಲ ಪೇಟೆಯ ಜೇನಿನ ಬಾಟಲಿ ವಿಷಯಕ್ಕೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದೆ. ಆಮೇಲೆ ಗೊತ್ತಿರುವವರು, ಅವರಿಗೆ ಗೊತ್ತಿರುವವರು ಅಂತ ಬಂದು ಕೇಳೋಕೆ ಶುರು ಮಾಡಿದರು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನು ವಕೀಲಳಲ್ಲ. ದೊಡ್ಡ ಮೊತ್ತದ ವಿಷಯವಾದರೆ ವಕೀಲರನ್ನು ಕಾಣಿ.

## ಮೊದಲು ತಿಳಿದಿರಬೇಕಾದ್ದು

ಅಕ್ಕಾ, ‘ನ್ಯಾಚುರಲ್’ ಅಂತ ಯಾರು ಬೇಕಾದ್ರೂ ಬರ್ಕೋಬಹುದಾ? ಅದಕ್ಕೇನಾದ್ರೂ ನಿಯಮ ಇದ್ಯಾ?

ಇದೆ. ಬಹಳ ಜನಕ್ಕೆ ಇದೇ ಗೊತ್ತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ಜಾಹೀರಾತು ಮತ್ತು ಲೇಬಲ್ ಮಾತುಗಳಿಗೆ ನಿಯಮ ಮಾಡಿತು. 2019ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ‘ನ್ಯಾಚುರಲ್’ ಅನ್ನೋದು ಒಂದೇ ಪದಾರ್ಥಕ್ಕೆ ಸಲ್ಲುವ ಮಾತು. ಗಿಡ, ಪ್ರಾಣಿಯಂಥ ನೈಸರ್ಗಿಕ ಮೂಲದಿಂದ ಬಂದಿರಬೇಕು, ಅದಕ್ಕೆ ಏನೂ ಸೇರಿಸಿರಬಾರದು. ತಿನ್ನೋಕೆ ಯೋಗ್ಯ ಮಾಡುವಷ್ಟು ಸಂಸ್ಕರಣೆ ಮಾಡಬಹುದು. ಒಣಗಿಸಬಹುದು, ಹುರಿಯಬಹುದು, ಪಾಶ್ಚರೀಕರಿಸಬಹುದು.

ನಮ್ಮ ಕಡೆಯದೇ ಲೆಕ್ಕ ತಗೊಳ್ಳಿ. ಅಂಗಳದಲ್ಲಿ ಒಣಗಿಸಿದ ಕಾಳುಮೆಣಸು ನ್ಯಾಚುರಲ್. ಹಲಸಿನ ಚಿಪ್ಸ್ ಅಲ್ಲ, ಯಾಕೆಂದರೆ ಅದರಲ್ಲಿ ಹಲಸು, ಎಣ್ಣೆ, ಉಪ್ಪು ಮೂರೂ ಇವೆ. ಅದರಲ್ಲಿರುವ ಎಲ್ಲವೂ ನಿಯಮಕ್ಕೆ ಹೊಂದಿದರೆ ‘ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು’ ಅಂತ ಬರೆಯಬಹುದು. ಅಷ್ಟೇ. ‘ಪ್ಯೂರ್’ ಪದಕ್ಕೂ ಹೆಚ್ಚುಕಮ್ಮಿ ಇದೇ ಅಳತೆ.

ಲೇಬಲ್ ಹಿಂಭಾಗ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮವಿದೆ. ಮುಂದೆ ಮಾವಿನ ಹಣ್ಣಿನ ಚಿತ್ರ, ಹಿಂದೆ ಮೊದಲ ಹೆಸರು ನೀರು, ಎರಡನೆಯದು ಸಕ್ಕರೆ ಅಂತಿದ್ದರೆ ನಿಮಗೇ ಗೊತ್ತಾಗುತ್ತದೆ. 211 ಅಂತ ಇದ್ದರೆ ಅದು ಸೋಡಿಯಂ ಬೆಂಜೋಯೇಟ್. ಕೆಡದಂತೆ ಇಡುವ ರಾಸಾಯನಿಕ. ಮಿತಿಯೊಳಗೆ ಹಾಕೋದು ತಪ್ಪಲ್ಲ. ಅದನ್ನು ಹಾಕಿಯೂ ಮುಂದೆ ‘ಏನೂ ಸೇರಿಸಿಲ್ಲ’ ಅಂತ ಬರೆಯೋದು ತಪ್ಪು.

ಕಂಪನಿ ಹೆಸರಲ್ಲೇ ‘ಪ್ಯೂರ್’, ‘ಫ್ರೆಶ್’ ಅಂತ ಇರುತ್ತಲ್ಲ, ಅದಕ್ಕೇನು ಮಾಡೋದು?

ಹೆಸರು ಜನರ ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಬ್ರ್ಯಾಂಡ್ ಹೆಸರು, ಪದಾರ್ಥದ ನಿಜವಾದ ಗುಣವನ್ನು ಹೇಳುವುದಿಲ್ಲ ಅಂತ ಲೇಬಲ್ ಮೇಲೆ ಬರೆಯಬೇಕು. ಆ ಅಕ್ಷರ 3 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು. ಮನೆಯಲ್ಲಿ ಮಕ್ಕಳ ಸ್ಕೇಲ್ ಇದ್ದರೆ ಇಟ್ಟು ನೋಡಿ. ಆ ಸಾಲು ಇಲ್ಲದಿದ್ದರೆ ಅಥವಾ ಇರುವೆ ಗಾತ್ರದಲ್ಲಿದ್ದರೆ, ಸ್ಕೇಲ್ ಪಕ್ಕದಲ್ಲಿಟ್ಟೇ ಫೋಟೊ ತೆಗೆದಿಟ್ಟುಕೊಳ್ಳಿ.

ಆರ್ಗ್ಯಾನಿಕ್ ಅಂದ್ರೂ ನ್ಯಾಚುರಲ್ ಅಂದ್ರೂ ಒಂದೇ ಅಲ್ವಾ?

ಅಲ್ಲ. ಸಾವಯವ ಅನ್ನೋದು ಬೆಳೆದ ರೀತಿಯ ಮಾತು. ಅದಕ್ಕೆ 2017ರ ನಿಯಮ ಬೇರೆಯೇ ಇದೆ. ಅಂಗಡಿಯಲ್ಲಿ ಸಾವಯವ ಅಂತ ಮಾರುವ ಪ್ಯಾಕೆಟ್‌ಗೆ ಎನ್‌ಪಿಒಪಿ ಅಥವಾ ಪಿಜಿಎಸ್ ಅನ್ನುವ ಸರ್ಕಾರಿ ವ್ಯವಸ್ಥೆಯ ಪ್ರಮಾಣೀಕರಣ ಇರಬೇಕು. ಅದರ ಅಧಿಕೃತ ಚಿಹ್ನೆ ಹುಡುಕಿ. ಬೆಳೆದ ಸಣ್ಣ ರೈತರೇ ನೇರವಾಗಿ ನಿಮಗೆ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಹಾಗಾಗಿ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಸರ್ಟಿಫಿಕೇಟ್ ಕೇಳಿ ಅವರಿಗೆ ಬೇಜಾರು ಮಾಡಬೇಡಿ.

ಕಾಫಿ ಪುಡಿ ತಂದೆ, ನೀರಿಗೆ ಹಾಕಿದ್ರೆ ತಳಕ್ಕೆ ಹೋಗ್ತಿದೆ. ಚಿಕೋರಿ ಇದ್ರೆ ಮೋಸವಾ?

ಚಿಕೋರಿ ಬೆರೆಸೋದು ಮೋಸವಲ್ಲ, ಮುಚ್ಚಿಡೋದು ಮೋಸ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಮ್ಮಿ ಇರುವ ಹಾಗಿಲ್ಲ. ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಲೇಬಲ್ ಮೇಲೆ ಬರೆಯಲೇಬೇಕು. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಎಳೆ ಬಿಡುತ್ತಾ ಕೆಳಗಿಳಿಯುತ್ತದೆ. ನೋಡೋಕೆ ಸ್ಪಷ್ಟವಾಗಿಯೇ ಕಾಣುತ್ತದೆ.

ನಮ್ಮ ಜಿಲ್ಲೆಯವರು ಇನ್ನೊಂದು ನೋಡಬೇಕು. ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಎಲ್ಲಿಯದೋ ಪುಡಿಗೆ ನಮ್ಮ ಗಿರಿಯ ಹೆಸರು ಅಂಟಿಸಿ ಮಾರಿದರೆ ಮೋಸ ಹೋಗೋದು ಕೊಂಡವರು ಮಾತ್ರ ಅಲ್ಲ. ಮಳೆಗೆ, ಕಾಯಿಕೊರಕಕ್ಕೆ, ಕೂಲಿಯವರ ಕೊರತೆಗೆ ಎದೆಯೊಡ್ಡಿ ಬೆಳೆದವರ ಬೆಲೆಯೂ ಹೋಗುತ್ತದೆ. ನನಗೆ ಈ ವಿಷಯದಲ್ಲಿ ಸಿಟ್ಟು ಬರೋದು ಇದಕ್ಕೇ.

ಜೇನು ನೀರಿಗೆ ಹಾಕಿದೆ ಮೇಡಂ, ಕರಗಿಬಿಡ್ತು. ಕೇಸ್ ಹಾಕಬಹುದಾ?

ಅಷ್ಟಕ್ಕೇ ಹಾಕಬೇಡಿ. ನೀರಿನ ಪರೀಕ್ಷೆ, ಬೆಂಕಿಕಡ್ಡಿ ಪರೀಕ್ಷೆ ಜೇನಿನ ವಿಷಯದಲ್ಲಿ ನಂಬುವಂಥದ್ದಲ್ಲ. ಗಟ್ಟಿಯಾದ ಸಕ್ಕರೆ ಪಾಕವೂ ನೀರಿನಲ್ಲಿ ನೇರ ತಳಕ್ಕಿಳಿಯುತ್ತದೆ. ನಮ್ಮ ತುಡುವೆ ಜೇನು ಮಳೆಗಾಲದ ಹತ್ತಿರ ತೆಗೆದರೆ ತೆಳ್ಳಗಿರುತ್ತದೆ, ಬೇಗ ಕರಗುತ್ತದೆ. ತಳದಲ್ಲಿ ಹರಳುಗಟ್ಟಿದರೂ ಅದು ಸಕ್ಕರೆ ಬೆರೆಸಿದ್ದಕ್ಕೆ ಸಾಕ್ಷಿ ಅಲ್ಲ, ಒಳ್ಳೆಯ ಜೇನೂ ಹರಳುಗಟ್ಟುತ್ತದೆ.

ಈಗ ಬೆರೆಸುವ ಪಾಕ ಎಷ್ಟು ಚೆನ್ನಾಗಿ ಅಡಗುತ್ತದೆ ಅಂದರೆ, ಸಾಮಾನ್ಯ ಲ್ಯಾಬ್ ಪರೀಕ್ಷೆಯನ್ನೂ ದಾಟಿಬಿಡುತ್ತದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ತನ್ನ ತನಿಖೆಯ ಫಲಿತಾಂಶ ಹೊರಗಿಟ್ಟಿತು. 22 ಮಾದರಿಗಳಲ್ಲಿ ಎಲ್ಲ ಪರೀಕ್ಷೆ ದಾಟಿದ್ದು 5 ಮಾತ್ರ. ಕಂಪನಿಗಳು ಅದನ್ನು ಒಪ್ಪಲಿಲ್ಲ. ಆದರೆ ಕಣ್ಣಳತೆಯಿಂದ ಜೇನನ್ನು ತೀರ್ಮಾನಿಸೋಕೆ ಆಗಲ್ಲ ಅನ್ನೋದು ಅದರಿಂದ ಎಲ್ಲರಿಗೂ ಗೊತ್ತಾಯಿತು.

## ದೂರು ಕೊಡುವಾಗ

ಮುನ್ನೂರು ರೂಪಾಯಿ ಬಾಟಲಿಗೆ ಕೋರ್ಟಿಗೆ ಅಲೆಯೋದಾ? ಖರ್ಚೇ ಸಾವಿರಾರು ಆಗಲ್ವಾ?

ಶುಲ್ಕವೇ ಇಲ್ಲ. ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ವಕೀಲರು ಕಡ್ಡಾಯವಲ್ಲ. ನೀವೇ ವಾದ ಮಾಡಬಹುದು, ವೀಡಿಯೊ ಮೂಲಕ ಹಾಜರಾಗೋಕೂ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ದೂರನ್ನು ಕನ್ನಡದಲ್ಲಿ ಬರೆದು ಕೊಟ್ಟವರನ್ನು ನಾನೇ ನೋಡಿದ್ದೇನೆ. ಈಗ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಖರ್ಚು ಅಂತ ಆಗೋದು ಜೆರಾಕ್ಸ್, ಅಫಿಡವಿಟ್, ಸ್ಪೀಡ್ ಪೋಸ್ಟ್, ಬಸ್ ಚಾರ್ಜ್. ಲ್ಯಾಬ್ ಬೇಕಾದರೆ ಅದರದ್ದು ಬೇರೆ. ನಿಜವಾಗಿ ಹೋಗೋದು ದಿನಗಳು. ಕಾಯ್ದೆ ಪ್ರಕಾರ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು. ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತಲೇ ತಿಳಿದು ಹೊರಡಿ.

ಕಂಪನಿ ಮುಂಬೈನಲ್ಲಿದೆ, ನಾನಿರೋದು ಕೊಪ್ಪದಲ್ಲಿ. ಎಲ್ಲಿಗೆ ಹೋಗ್ಲಿ?

ಚಿಕ್ಕಮಗಳೂರಿಗೇ ಬನ್ನಿ. ಹಳೆಯ 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಎದುರು ಪಕ್ಷದವರು ಇರುವ ಕಡೆ ಅಥವಾ ಕೊಂಡ ಕಡೆ ಹೋಗಬೇಕಿತ್ತು. 2019ರ ಹೊಸ ಕಾಯ್ದೆ 2020ರ ಜುಲೈನಿಂದ ಜಾರಿಗೆ ಬಂದಮೇಲೆ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನದಲ್ಲಿ ಕೆಲಸ, ಮನೆ ಮೂಡಿಗೆರೆಯಲ್ಲಿ ಅಂದರೆ ಎರಡರಲ್ಲಿ ಯಾವುದಾದರೂ ಸರಿ. ತಯಾರಿಸಿದವರನ್ನೂ ಮಾರಿದ ಅಂಗಡಿಯನ್ನೂ ಎದುರು ಪಕ್ಷ ಮಾಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಆ ಪುಟದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ. ನೋಟಿಸ್ ಹೋದ ಮರುದಿನವೇ ಆ ಪುಟದ ಮಾತು ಬದಲಾಗಿದ್ದನ್ನು ನೋಡಿದ್ದೇನೆ.

ಬಿಲ್ ಇಲ್ಲ. ಅಂಗಡಿಯವರು ಕೊಡಲೇ ಇಲ್ಲ.

ಕಷ್ಟ, ಆದರೆ ದಾರಿ ಮುಚ್ಚಿಲ್ಲ. ಯುಪಿಐನಲ್ಲಿ ದುಡ್ಡು ಕಳಿಸಿದ್ದರೆ ಅದರ ದಾಖಲೆ ಇರುತ್ತದೆ. ಬಿಲ್ ಕೇಳಿದರೂ ಕೊಡದಿರೋದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಅದನ್ನೂ ದೂರಿನಲ್ಲಿ ಸೇರಿಸಿ. ದೂರು ಕೊಡೋಕೆ ಎರಡು ವರ್ಷ ಸಮಯವಿದೆ. ಅಲ್ಲಿಯವರೆಗೆ ಖಾಲಿ ಡಬ್ಬ ಎಸೆಯಬೇಡಿ. ಬ್ಯಾಚ್ ನಂಬರ್ ಇರೋದು ಅದರ ಮೇಲೇ.

ಲ್ಯಾಬ್ ಟೆಸ್ಟ್ ನಾನೇ ಮಾಡಿಸ್ಕೊಂಡು ಹೋಗ್ಬೇಕಾ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಾನು ಸೋತಿದ್ದು ಇಲ್ಲೇ.

ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯ ಒಂದು ಅಂಗಡಿಯಲ್ಲಿ ಬಾಟಲಿ ತಗೊಂಡಿದ್ದೆ. ‘ಮಲೆನಾಡಿನ ಕಾಡುಜೇನು, 100% ನ್ಯಾಚುರಲ್’ ಅಂತ ಹಸಿರು ಅಕ್ಷರ. ಮನೆಯಲ್ಲಿ ಮುಚ್ಚಳ ತೆಗೆದು ಬೆರಳದ್ದಿ ನಾಲಿಗೆಗೆ ಇಟ್ಟೆ. ತುಡುವೆ ಜೇನಿಗೆ ಗಂಟಲಲ್ಲಿ ಒಂದು ಚುರುಕು ಇರುತ್ತದೆ, ಆ ವರ್ಷ ಯಾವ ಹೂವು ಜಾಸ್ತಿಯೋ ಅದರ ವಾಸನೆ ಇರುತ್ತದೆ. ಇದು ಬರೀ ಸಿಹಿ. ಅದೇ ಬಾಟಲಿಯನ್ನು ಖಾಸಗಿ ಲ್ಯಾಬಿಗೆ ಕೊಟ್ಟೆ. ಸಕ್ಕರೆ ಪಾಕ ಇದೆ ಅಂತ ವರದಿ ಬಂತು. ಖುಷಿಯಲ್ಲಿ ಆಯೋಗಕ್ಕೆ ಹೋದೆ. ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ‘ಬಾಟಲಿ ತೆರೆದವರು ಯಾರು? ಲ್ಯಾಬಿಗೆ ಹೋಗುವ ಮುಂಚೆ ಅದರೊಳಗೆ ಏನೂ ಬೆರೆತಿಲ್ಲ ಅನ್ನೋದಕ್ಕೆ ಸಾಕ್ಷಿ ಏನು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರು ವಜಾ ಆಯಿತು. ಕಾಯ್ದೆ ಲೆಕ್ಕದಲ್ಲಿ ಆ ವಕೀಲರು ಕೇಳಿದ್ದು ಸರಿಯೇ.

ಹಾಗಾಗಿ ಅನುಮಾನ ಬಂದ ಕೂಡಲೇ ಅದೇ ಬ್ಯಾಚಿನ ಇನ್ನೊಂದು ಪ್ಯಾಕೆಟ್ ಬಿಲ್ ಸಮೇತ ತನ್ನಿ. ಅದನ್ನು ತೆರೆಯಬೇಡಿ. ದೂರಿನ ಜೊತೆಗೆ ‘ಇದನ್ನು ಪರೀಕ್ಷೆಗೆ ಕಳಿಸಿ’ ಅಂತ ಅರ್ಜಿ ಕೊಡಿ. ಆಯೋಗವೇ ಮಾದರಿ ಪಡೆದು, ಸೀಲ್ ಹಾಕಿ, ಸೂಕ್ತ ಲ್ಯಾಬಿಗೆ ಕಳಿಸುತ್ತದೆ. ವರದಿಗೆ 45 ದಿನ ಗಡುವು. ಲ್ಯಾಬ್ ಶುಲ್ಕವನ್ನು ಮೊದಲು ನಿಮ್ಮಿಂದ ಕಟ್ಟಿಸಿಕೊಳ್ಳಬಹುದು.

ಇನ್ನೊಂದು ದಾರಿ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್. ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ಹೇಳಿರಬೇಕು. ಪದಾರ್ಥ ಕಾಯ್ದೆಗೆ ವಿರುದ್ಧ ಅಂತ ಬಂದರೆ ಶುಲ್ಕ ವಾಪಸ್ ಬರುತ್ತದೆ.

ಬೆಲ್ಲದಲ್ಲಿ ಗಂಧಕ ಮಿತಿಯೊಳಗೇ ಇದೆ ಅಂತ ರಿಪೋರ್ಟ್ ಬಂತು. ಹಾಗಿದ್ರೆ ಕೇಸ್ ಬಿದ್ದೋಯ್ತಾ?

ಇಲ್ಲ, ಲೇಬಲ್ ಏನು ಹೇಳಿತ್ತು ನೋಡಿ. ಬೆಲ್ಲ ಹಳದಿ ಆಗಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ಗಂಧಕದ ರಾಸಾಯನಿಕ ಹಾಕುವುದುಂಟು. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಮೀರಬಾರದು ಅನ್ನೋದು ಸುರಕ್ಷತೆಯ ಮಿತಿ. ಲೇಬಲ್ ಮೇಲೆ ‘ಯಾವುದೇ ರಾಸಾಯನಿಕ ಬಳಸಿಲ್ಲ’ ಅಂತ ಬರೆದಿದ್ದರೆ ಪ್ರಶ್ನೆಯೇ ಬೇರೆ. ತಿಂದರೆ ತೊಂದರೆ ಇದೆಯಾ ಅನ್ನೋದಲ್ಲ, ಹೇಳಿದ್ದು ನಿಜವಾ ಅನ್ನೋದು. ಗ್ರಾಹಕರ ಕಾಯ್ದೆಯಲ್ಲಿ ಲೇಬಲ್, ಹೊದಿಕೆ ಎರಡೂ ಜಾಹೀರಾತಿನ ಲೆಕ್ಕಕ್ಕೇ ಬರುತ್ತವೆ.

ನಮ್ಮ ಪರಿಚಯದ ಒಬ್ಬರು ಇಂಥದ್ದೇ ಬೆಲ್ಲದ ದೂರಿನಲ್ಲಿ ತೆರೆಯದ ಎರಡನೇ ಅಚ್ಚನ್ನು ಜೋಪಾನವಾಗಿ ಇಟ್ಟಿದ್ದರು. ಮಧ್ಯಸ್ಥಿಕೆಯಲ್ಲಿ ಕಂಪನಿಯವರು ದುಡ್ಡು ವಾಪಸ್ ಕೊಟ್ಟು, ಖರ್ಚೂ ಕೊಟ್ಟು, ಲೇಬಲ್‌ನ ಆ ಸಾಲನ್ನು ತೆಗೆದರು. ಅವರಿಗೆ ಸಿಕ್ಕಿದ್ದು ಕೆಲವೇ ಸಾವಿರ. ಆದರೆ ಆ ಸಾಲು ಹೋಯಿತಲ್ಲ, ಅದು ನನಗೆ ದೊಡ್ಡದು.

ನಮ್ಮದು ಹೋಮ್‌ಸ್ಟೇ. ಗೆಸ್ಟ್‌ಗಳಿಗೆ ಮಾರೋಕೆ ತಂದ ಜೇನು ನಕಲಿ. ನಾನು ದೂರು ಕೊಡಬಹುದಾ?

ಮರುಮಾರಾಟಕ್ಕೆ ತಂದಿದ್ದರೆ ಕಾಯ್ದೆಯ ಕಣ್ಣಲ್ಲಿ ನೀವು ಗ್ರಾಹಕರಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು ಅಥವಾ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬೇಕು. ಇನ್ನೊಂದು ಎಚ್ಚರ: ನಿಮ್ಮಿಂದ ಕೊಂಡ ಅತಿಥಿ ನಿಮ್ಮ ಮೇಲೂ ದೂರು ಕೊಡಬಹುದು. ತಂದವರ ಬಿಲ್, ಅವರ ಎಫ್‌ಎಸ್‌ಎಸ್‌ಎಐ ನಂಬರ್ ಇಟ್ಟುಕೊಳ್ಳಿ. ಆ ನಂಬರ್ 14 ಅಂಕಿಯದು. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ನೋಂದಣಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ.

ಆಯೋಗಕ್ಕೆ ಹೋಗ್ಲಾ, ಫುಡ್ ಇನ್ಸ್‌ಪೆಕ್ಟರ್ ಹತ್ರ ಹೋಗ್ಲಾ?

ನಿಮ್ಮ ದುಡ್ಡು, ಪರಿಹಾರ ಬೇಕಾದರೆ ಆಯೋಗ. ಕಂಪನಿಗೆ ದಂಡ ಬೀಳಬೇಕಾದರೆ ಆಹಾರ ಸುರಕ್ಷತಾ ಅಧಿಕಾರಿ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ, ಅದು ನಿಮ್ಮ ಕೈಗೆ ಬರುವುದಿಲ್ಲ. ಎರಡೂ ಕಡೆ ಹೋಗಬಹುದು. ಎಲ್ಲಕ್ಕಿಂತ ಮೊದಲು 1915ಕ್ಕೆ ಫೋನ್ ಮಾಡಿ. ಎಷ್ಟೋ ಸಣ್ಣ ವಿಷಯಗಳು ಆ ಸಹಾಯವಾಣಿಯಲ್ಲೇ ಮುಗಿಯುತ್ತವೆ.

## ಇನ್ನೂ ಒಳಗೆ ಹೋದರೆ

ಗೆದ್ರೆ ಎಷ್ಟು ಸಿಗುತ್ತೆ?

ಕೊಟ್ಟ ಬೆಲೆ, ಪರಿಹಾರ, ಕೇಸಿನ ಖರ್ಚು. ಮೊತ್ತ ಸಾಮಾನ್ಯವಾಗಿ ಸಾವಿರಗಳ ಲೆಕ್ಕದಲ್ಲೇ ಇರುತ್ತದೆ. ಅಪರೂಪಕ್ಕೆ ಜಾಸ್ತಿಯೂ ಆಗುತ್ತದೆ. 2023ರಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲಾ ಆಯೋಗ, 16 ಬಿಸ್ಕತ್ತು ಅಂತ ಬರೆದ ಪ್ಯಾಕೆಟ್‌ನಲ್ಲಿ 15 ಇದ್ದಿದ್ದಕ್ಕೆ ಒಂದು ಲಕ್ಷ ರೂಪಾಯಿ ಕೊಡಿಸಿತು.

ದುಡ್ಡಿಗಿಂತ ದೊಡ್ಡ ಆದೇಶಗಳೂ ಇವೆ. ಸುಳ್ಳು ಮಾತನ್ನು ನಿಲ್ಲಿಸಿ ಅನ್ನಬಹುದು. ಕಂಪನಿಯ ಖರ್ಚಿನಲ್ಲೇ ತಿದ್ದುಪಡಿ ಜಾಹೀರಾತು ಹಾಕಿಸಬಹುದು. ಮೋಸ ಹೋದವರು ಬಹಳ ಜನ, ಯಾರ್ಯಾರು ಅಂತ ಗುರುತಿಸೋಕೆ ಆಗಲ್ಲ ಅನ್ನಿಸಿದರೆ, ಮಾರಾಟವಾದ ದೋಷದ ಸರಕಿನ ಬೆಲೆಯ ಶೇಕಡಾ 25ಕ್ಕೆ ಕಮ್ಮಿ ಇಲ್ಲದಂತೆ ಮೊತ್ತ ಕಟ್ಟಿಸುವ ಅಧಿಕಾರವೂ ಇದೆ. ದೂರಿನ ಕೊನೆಯಲ್ಲಿ ಇವನ್ನೂ ಕೇಳಿ. ಸುಮ್ನೆ ‘ದುಡ್ಡು ವಾಪಸ್ ಕೊಡಿಸಿ’ ಅಂತ ಬರೆದರೆ ಸಾಮಾನ್ಯವಾಗಿ ಸಿಗೋದೂ ಅಷ್ಟೇ.

ಅಮೆರಿಕದಲ್ಲಿ ‘ನ್ಯಾಚುರಲ್’ ಅಂದಿದ್ದಕ್ಕೆ ಕೋಟಿಗಟ್ಟಲೆ ಕೊಟ್ರಂತೆ. ನಮ್ಮಲ್ಲಿ ಯಾಕಿಲ್ಲ?

ಕೊಟ್ಟಿದ್ದು ನಿಜ. 2013ರಲ್ಲಿ ‘ಆಲ್ ನ್ಯಾಚುರಲ್’ ಅಂತ ಬರೆದ ನೇಕೆಡ್ ಜ್ಯೂಸ್ ವಿಷಯದಲ್ಲಿ ಪೆಪ್ಸಿಕೊ 90 ಲಕ್ಷ ಡಾಲರ್‌ಗೆ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಆ ಮಾತನ್ನು ಲೇಬಲ್‌ನಿಂದ ತೆಗೆಯಲು ಒಪ್ಪಿತು. ಒಬ್ಬೊಬ್ಬ ಗ್ರಾಹಕನಿಗೆ ಸಿಗಬಹುದಾಗಿದ್ದು ಬಿಲ್ ಇದ್ದರೆ 75 ಡಾಲರ್‌ವರೆಗೆ, ಇಲ್ಲದಿದ್ದರೆ 45 ಡಾಲರ್‌ವರೆಗೆ. ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಫೆಡರಲ್ ಕೋರ್ಟಿಗೆ ಇಂಥ ಕೇಸುಗಳು ಎಷ್ಟು ಬಂದವು ಅಂದರೆ, ಜನ ಅದನ್ನು ‘ಫುಡ್ ಕೋರ್ಟ್’ ಅಂತಲೇ ಕರೆದರು.

ಅಲ್ಲಿ ವಕೀಲರು ಗೆದ್ದರೆ ಪಾಲು ಅಂತ ಕೇಸ್ ತಗೊಳ್ಳಬಹುದು. ನಮ್ಮ ವಕೀಲರಿಗೆ ಹಾಗೆ ಪಾಲಿಗೆ ಕೇಸ್ ನಡೆಸುವ ಅವಕಾಶ ಇಲ್ಲ. ಹಾಗಾಗಿ ಮುನ್ನೂರು ರೂಪಾಯಿಯ ಕೇಸಿಗೆ ಯಾರೂ ತಾವಾಗಿ ಮುಂದೆ ಬರುವುದಿಲ್ಲ. ಇನ್ನೊಂದು ಕಡೆ ನೋಡಿದರೆ, ಅಲ್ಲಿನ ಆಹಾರ ಇಲಾಖೆ ‘ನ್ಯಾಚುರಲ್’ ಪದಕ್ಕೆ ಕಾನೂನಿನ ವ್ಯಾಖ್ಯೆಯನ್ನೇ ಮಾಡಿಲ್ಲ. 2015ರಲ್ಲಿ ಜನರ ಅಭಿಪ್ರಾಯ ಕೇಳಿದರೂ ಅದು ನಿಯಮವಾಗಲಿಲ್ಲ. ಆ ಪದಕ್ಕೆ ಅರ್ಥ ಏನು ಅಂತ ಕೋರ್ಟುಗಳಲ್ಲೇ ಜಗಳ. ನಮ್ಮಲ್ಲಿ ಬರೆದಿಟ್ಟ ನಿಯಮ ಇದೆ, ಬಳಸುವವರು ಕಮ್ಮಿ.

ಹತ್ತಿಪ್ಪತ್ತು ಜನ ಸೇರಿ ಒಂದೇ ಕೇಸ್ ಹಾಕೋಕಾಗುತ್ತಾ?

ಆಗುತ್ತದೆ. ಒಂದೇ ಹಿತಾಸಕ್ತಿ ಇರುವ ಎಲ್ಲ ಗ್ರಾಹಕರ ಪರವಾಗಿ ಒಬ್ಬರೋ ಕೆಲವರೋ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಎಲ್ಲರದ್ದೂ ಹೇಗೆ ಒಂದೇ ದೂರು ಅನ್ನೋದನ್ನು ಬಿಡಿಸಿ ಬರೆಯಬೇಕು. ಬೆಂಗಳೂರು ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಕೇಸೊಂದರಲ್ಲಿ ಅದನ್ನು ಬರೆಯದಿದ್ದಕ್ಕೆ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಇದು ಎಲ್ಲ ಖರೀದಿದಾರರ ಪರ ದೂರು ಆಗಲ್ಲ, ಸಹಿ ಹಾಕಿದವರ ಜಂಟಿ ದೂರು ಮಾತ್ರ ಅಂದಿತು. ಒಂದೇ ಬ್ಯಾಚ್, ಒಂದೇ ಲೇಬಲ್ ಮಾತು ಇದ್ದರೆ ಆಹಾರದ ಕೇಸಿನಲ್ಲಿ ಇದನ್ನು ತೋರಿಸೋದು ಸುಲಭ.

ಇಡೀ ದೇಶಕ್ಕೆ ಸಂಬಂಧಿಸಿದ ಸುಳ್ಳು ಜಾಹೀರಾತಾದರೆ ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆಯಿರಿ. ಅದು ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಫೇಸ್‌ಬುಕ್‌ನಲ್ಲಿ ಹಾಕಿ ಮಾನ ಹರಾಜು ಹಾಕಿದ್ರೆ ಬೇಗ ಕೆಲಸ ಆಗಲ್ವಾ?

ಕೆಲವು ಸಲ ಆಗುತ್ತದೆ. ಆದರೆ ಕೈಯಲ್ಲಿ ವರದಿ ಇಲ್ಲದೆ ‘ಇದು ವಿಷ, ಇವರು ಕಳ್ಳರು’ ಅಂತ ಬರೆದರೆ ಮಾನಹಾನಿ ನೋಟಿಸ್ ನಿಮಗೇ ಬರುತ್ತದೆ. ಕಂಡದ್ದನ್ನಷ್ಟೇ ಬರೆಯಿರಿ. ‘ಮುಂದೆ ಹೀಗೆ ಬರೆದಿದೆ, ಹಿಂದಿನ ಪಟ್ಟಿಯಲ್ಲಿ ಇದು ಇದೆ’ ಅಂತ ಎರಡು ಫೋಟೊ ಸಾಕು. ಓದಿದವರಿಗೆ ಅರ್ಥವಾಗುತ್ತದೆ.

ನಾನೇ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಮಾರ್ತೀನಿ ಅಕ್ಕ. ನನ್ನ ಮೇಲೂ ಕೇಸ್ ಬೀಳುತ್ತಾ?

ಶೃಂಗೇರಿ ಕಡೆಯ ಒಬ್ಬ ತಂಗಿ ಇದನ್ನು ಕೇಳುವಾಗ ಅವಳ ದನಿ ನಡುಗುತ್ತಿತ್ತು. ಅವಳಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಹೆದರಬೇಡಿ, ಆದರೆ ನಿಯಮ ನಿಮಗೂ ಇದೆ. ಎಷ್ಟೇ ಸಣ್ಣ ಉದ್ಯಮವಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಉಪ್ಪಿನಕಾಯಿ ಅಂದರೆ ಮಿಡಿ, ಉಪ್ಪು, ಖಾರ, ಸಾಸಿವೆ ಎಲ್ಲ ಸೇರಿದ್ದು, ಹಾಗಾಗಿ ಅದಕ್ಕೆ ‘ನ್ಯಾಚುರಲ್’ ಅಂತ ಬರೆಯಬೇಡಿ. ಏನು ಹಾಕಿದ್ದೀರೋ ಅದನ್ನೇ ಬರೆಯಿರಿ. ಅವಳ ಹಳೆಯ ಲೇಬಲ್‌ನಲ್ಲಿ ‘100% ನ್ಯಾಚುರಲ್, ಪ್ಯೂರ್, ಆರ್ಗ್ಯಾನಿಕ್’ ಅಂತ ಮೂರೂ ಇತ್ತು. ಪ್ರಿಂಟಿಂಗ್ ಪ್ರೆಸ್‌ನವರು ಎಲ್ಲರಿಗೂ ಹಾಕುವ ಹಾಗೆ ಹಾಕಿಕೊಟ್ಟಿದ್ದರಂತೆ. ಇಬ್ಬರೂ ಅಡುಗೆಮನೆ ಕಟ್ಟೆ ಮೇಲೆ ಕೂತು ಹೊಸದು ಬರೆದೆವು: ‘ಅಪ್ಪೆಮಿಡಿ, ಕಲ್ಲುಪ್ಪು, ಬ್ಯಾಡಗಿ ಮೆಣಸಿನಕಾಯಿ, ಸಾಸಿವೆ, ಅರಿಶಿನ, ಇಂಗು.’ ಅದರ ಕೆಳಗೆ ಅವಳ ಊರು, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು ಅನ್ನೋದು, ತೂಕ, ಬೆಲೆ, ನೋಂದಣಿ ನಂಬರ್.